ಕೊಂಕಣಿ ವಲಸೆ: ಕನ್ನಡ ಕರಾವಳಿಯಲ್ಲಿ ಒಂದು ಜನತೆಯ ಸ್ವತ್ವ

16ನೆಯ ಶತಮಾನದ ಮಧ್ಯಭಾಗದಿಂದ ಮೊದಲ್ಗೊಂಡು ಸುಮಾರು ಇನ್ನೂರು ವರ್ಷಗಳ ಪರ್ಯಂತ, ಪೋರ್ಚುಗೀಸರ ಆಳ್ವಿಕೆಗೊಳಪಟ್ಟಿದ್ದ ಗೋವೆಯಿಂದ ಹೊರಟು, ಕಾಳಿನದಿಯ ಅಳಿವೆಯಿಂದ ಚಂದ್ರಗಿರಿಯವರೆಗೂ, ಅಲ್ಲಿಂದಾಚೆಗೆ ಕೊಚ್ಚಿಯವರೆಗೂ ಪಶ್ಚಿಮ ಕರಾವಳಿಯಲ್ಲಿ ನೆಲೆಗೊಂಡ ಕೊಂಕಣಿ ಭಾಷಿಕರ ಪ್ರಸರಣವನ್ನು ಸ್ಥೂಲವಾಗಿ ಕೊಂಕಣಿ ವಲಸೆಯೆಂದು ಕರೆಯುವುದುಂಟು. ಇದು ಒಂದೇ ಕಾಲದಲ್ಲಿ, ಒಂದೇ ಕಾರಣದಿಂದ, ಒಂದೇ ಜಾತಿಯವರಿಂದ ನಡೆದ ಪ್ರಯಾಣವಲ್ಲ. ಧರ್ಮವನ್ನು ಉಳಿಸಿಕೊಳ್ಳಲು ಹೊರಟ ಬ್ರಾಹ್ಮಣರೂ, ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಮೇಲೆ ಕ್ಷಾಮಕ್ಕೂ ಯುದ್ಧಕ್ಕೂ ತೆರಿಗೆಗೂ ಬೆದರಿ ಹೊರಟ ರೈತರೂ, ಒಡೆಯರ ಹಿಂದೆ ಹೊರಟ ಕುಡುಬಿಗಳೂ, ಒಡೆಯರಿಂದಲೇ ತಪ್ಪಿಸಿಕೊಂಡು ಹೊರಟ ಆಫ್ರಿಕಾ ಮೂಲದ ದಾಸರೂ ಈ ಹೆಸರಿನ ಪರಿಧಿಯೊಳಗೆ ಬರತಕ್ಕವರು. ಇವರೆಲ್ಲರೂ ತಮ್ಮ ಸ್ವತ್ವವನ್ನು ಗೋವೆಯಲ್ಲಿಯೇ ಗಂಟುಕಟ್ಟಿಕೊಂಡು ಬಂದು ಇಲ್ಲಿ ಬಿಚ್ಚಿದರೆಂಬ ಭಾವನೆಯು ಜನಪ್ರಿಯವಾದುದಾದರೂ ಚರಿತ್ರೆಯು ಅದನ್ನು ಸಮರ್ಥಿಸುವುದಿಲ್ಲ. ಇಂದು ನಾವು ಗೌಡ ಸಾರಸ್ವತರೆಂದೂ ಚಿತ್ರಾಪುರ ಸಾರಸ್ವತರೆಂದೂ ಮಂಗಳೂರಿನ ಕಥೋಲಿಕರೆಂದೂ ಗುರುತಿಸುವ ಸಮುದಾಯಗಳು ಬಹುಮಟ್ಟಿಗೆ ಆಶ್ರಯಭೂಮಿಯಲ್ಲಿಯೇ, ಅಲ್ಲಿನ ಅರಸರ, ದೇವಾಲಯಗಳ, ಭೂಮಿಯ ಹಾಗೂ ಭಾಷೆಗಳ ಸಂಬಂಧದಲ್ಲಿಯೇ ರೂಪುಗೊಂಡವು.

ವಲಸೆಯ ಸ್ಮೃತಿಯಾದರೋ ಪೋರ್ಚುಗೀಸರಿಗಿಂತ ಬಹಳ ಹಿಂದಿನದು. ಸ್ಕಾಂದಪುರಾಣಕ್ಕೆ ಸೇರಿದುದೆಂದು ಹೇಳಲಾಗುವ ಸಹ್ಯಾದ್ರಿಖಂಡದಲ್ಲಿ, ಪರಶುರಾಮನು ತ್ರಿಹೋತ್ರದಿಂದ ದಶಗೋತ್ರದ ಬ್ರಾಹ್ಮಣರನ್ನು ಕರೆತಂದು ಗೋಮಾಂತಕದ ಕುಶಸ್ಥಳಿ, ಕೇಳಶಿ, ಮಠಗ್ರಾಮ ಮೊದಲಾದ ಎಡೆಗಳಲ್ಲಿ ನೆಲೆಗೊಳಿಸಿದನೆಂಬ ಕಥೆಯಿದೆ. ಇದನ್ನು ಇತಿಹಾಸವೆಂದು ಗ್ರಹಿಸಲಾಗದು. ಆದರೆ ತಾವು ಸರಸ್ವತೀತೀರದಿಂದ ಬಂದವರೆಂದು ಆದಿಯಿಂದಲೂ ಹೇಳಿಕೊಂಡು ಬಂದ ಸಮುದಾಯವೊಂದಕ್ಕೆ ಮತ್ತೊಮ್ಮೆ ಮನೆ ಬಿಟ್ಟು ಹೊರಡುವ ವಿಪತ್ತನ್ನು ಅರ್ಥಮಾಡಿಕೊಳ್ಳಲು ಒಂದು ಪೂರ್ವಕಥೆಯು ಸಿದ್ಧವಾಗಿಯೇ ಇತ್ತೆಂಬುದನ್ನು ಮಾತ್ರ ಗಮನಿಸಬೇಕು. ಇದರಂತೆಯೇ, ಗೋವೆಯು ಪರಾಧೀನವಾಗುವುದಕ್ಕೆ ಮುಂಚೆಯೇ ಕೊಂಕಣಿ ವರ್ತಕರು ಭಟ್ಕಳ, ಬಸರೂರು ಮುಂತಾದ ರೇವುಗಳಲ್ಲಿ ವ್ಯವಹರಿಸುತ್ತಿದ್ದರು. ದಕ್ಷಿಣದ ಅಕ್ಕಿಯು ಗೋವೆಯ ಹಸಿವನ್ನು ತಣಿಸುತ್ತಿದ್ದಿತು. ಅಕ್ಕಿಯ ಹಡಗು ಬಂದ ಜಾಡಿನಲ್ಲಿಯೇ ಮುಂದೆ ಜನರೂ ಸಾಗಿದರು. ನಿರ್ಗತಿಕರ ಚರಿತ್ರೆಯನ್ನು ಬರೆಯುವವರು ಹಿಂಸೆಯನ್ನು ಮಾತ್ರ ಎಣಿಸಿ ಅಕ್ಕಿಯನ್ನು ಮರೆಯುವುದು ವಾಡಿಕೆಯಾಗಿಬಿಟ್ಟಿದೆ. ಎಲ್ಲಿಗೆ ಹೋಗಬೇಕೆಂಬುದನ್ನು ಹಿಂಸೆಯು ನಿರ್ಣಯಿಸುವುದಿಲ್ಲ, ಪೂರ್ವಪರಿಚಯವೇ ನಿರ್ಣಯಿಸುತ್ತದೆ.

1510ರಲ್ಲಿ ಆಲ್ಬುಕರ್ಕನು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡನು. ಮೊದಲ ಮೂವತ್ತು ವರ್ಷಗಳಲ್ಲಿ ಹಿಂದೂ ಪ್ರಜೆಗಳ ಆಚಾರಗಳಿಗೆ ವಿಶೇಷ ವಿಘ್ನವೊದಗಲಿಲ್ಲವೆನ್ನಬಹುದು. 1540ರಲ್ಲಿ ತೀಸವಾಡಿಯ ದೇವಾಲಯಗಳು ನೆಲಸಮವಾದವು. 1543ರಲ್ಲಿ ಬಾರ್ದೇಶ, ಸಾಷ್ಟಿ ಪ್ರಾಂತಗಳು ಪೋರ್ಚುಗೀಸರ ಕೈಸೇರಿ, 1560ರ ದಶಕದಲ್ಲಿ ಅಲ್ಲಿಯೂ ಅದೇ ಗತಿಯಾಯಿತು. 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಾಲಯವು (ಇನ್ಕ್ವಿಸಿಷನ್), ನಡುವೆ ನಾಲ್ಕು ವರ್ಷಗಳ ವಿರಾಮವೊಂದನ್ನುಳಿದು, 1812ರವರೆಗೆ ನಡೆಯಿತು. ತಂದೆಯನ್ನು ಕಳೆದುಕೊಂಡ ಹಿಂದೂ ಮಕ್ಕಳನ್ನು ಕ್ರೈಸ್ತ ಪಾಲಕರ ವಶಕ್ಕೊಪ್ಪಿಸುವ ಕಾನೂನು, ವಿಗ್ರಹಾರಾಧನೆಯ ನಿಷೇಧ, ಗ್ರಾಮದ ಸಾಮೂಹಿಕ ಆಡಳಿತವಾದ ಗಾಂವಕರಿಕೆಯ ಹಕ್ಕುಗಳಿಂದ ಹಿಂದೂಗಳನ್ನು ಹೊರಗಿಡುವ ಕ್ರಮ, ಇವೆಲ್ಲವೂ ಸೇರಿ ಮನೆತನಗಳ ಮುಂದೆ ಎರಡೇ ದಾರಿಗಳನ್ನಿಟ್ಟವು. ಒಂದೇ ಮನೆತನದ ಒಂದು ಕವಲು ಭೂಮಿಯನ್ನುಳಿಸಿಕೊಳ್ಳಲು ದೀಕ್ಷೆ ಪಡೆದು ನಿಂತು, ಇನ್ನೊಂದು ಕವಲು ದೇವರನ್ನುಳಿಸಿಕೊಳ್ಳಲು ಹೊರಟ ವೃತ್ತಾಂತಗಳು ಉಭಯಧರ್ಮಗಳ ಕುಟುಂಬಸ್ಮೃತಿಗಳಲ್ಲಿಯೂ ಹೇರಳವಾಗಿವೆ.

ದೇವರುಗಳೂ ವಲಸೆ ಹೋದುವು. ಕುಶಸ್ಥಳಿಯ ಮಂಗೇಶನು ಪ್ರಿಯೋಳಕ್ಕೂ, ವೆರ್ಣೆಯ ಮಹಾಲಸೆಯು ಮಾರ್ದೋಳಕ್ಕೂ, ಕೇಳಶಿಯ ಶಾಂತಾದುರ್ಗೆಯು ಕವಳೆಗೂ ರಾತ್ರೋರಾತ್ರಿ ನದಿ ದಾಟಿಬಂದರೆಂದು ಹೇಳುತ್ತಾರೆ. ಈ ಮೂರೂ ಫೋಂಡಾ ಪ್ರದೇಶದ ಗ್ರಾಮಗಳು. ಫೋಂಡಾ ಆಗ ಮುಸಲ್ಮಾನ ಸುಲ್ತಾನನ ಅಧೀನದಲ್ಲಿದ್ದಿತು, ಪೋರ್ಚುಗೀಸರ ಕೈಸೇರಿದುದು 18ನೆಯ ಶತಮಾನದಲ್ಲಿ. ಕನ್ನಡ ಕರಾವಳಿಯ ಕೊಂಕಣಿ ಕುಟುಂಬಗಳು ಇಂದಿಗೂ ಕುಲದೇವರ ದರ್ಶನಕ್ಕೆಂದು ಗೋವೆಗೆ ಹೋಗುವಾಗ ತಲುಪುವುದು ಈ ಎರಡನೆಯ ನೆಲೆಗಳನ್ನೇ. ಮೂಲಸ್ಥಾನವೆಂದು ಅವರು ನಮಸ್ಕರಿಸುವ ಸ್ಥಳವೇ ಒಂದು ಆಶ್ರಯಸ್ಥಾನವೆಂಬುದು ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ದಕ್ಷಿಣಕ್ಕೆ ಬಂದವರಿಗೆ ಇಲ್ಲಿಯೂ ಪೋರ್ಚುಗೀಸರ ದರ್ಶನ ತಪ್ಪಲಿಲ್ಲ. 1568-69ರ ಸುಮಾರಿಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳೆದ್ದವು. ಆದರೆ ಕೋಟೆಯ ಗೋಡೆಯಾಚೆಗೆ ನೆಲವು ವಿಜಯನಗರದ ಸಾಮಂತರದಾಗಿದ್ದು ಕ್ರಮೇಣ ಕೆಳದಿಯ ನಾಯಕರದಾಯಿತು. ಈ ಅರಸರಿಗೆ ಲೆಕ್ಕಪತ್ರ ಬಲ್ಲವರ ಅಗತ್ಯವಿದ್ದಿತು. ಬಂದವರಿಗೆ ಅನ್ನದ ಅಗತ್ಯವಿದ್ದಿತು. ಹೀಗೆ ಅನೇಕ ಸಾರಸ್ವತ ಕುಟುಂಬಗಳು ಗ್ರಾಮದ ಶಾನುಭೋಗಿಕೆಯನ್ನು ವಂಶಪಾರಂಪರ್ಯವಾಗಿ ಪಡೆದುವು. ಕಡತವನ್ನು ಬರೆಯಬೇಕಾದುದು ಕನ್ನಡದಲ್ಲಿ. ಆದುದರಿಂದ ಕನ್ನಡ ಲಿಪಿಯು ಈ ಮನೆಗಳನ್ನು ಪ್ರವೇಶಿಸಿದುದು ಕಾವ್ಯದ ಮೂಲಕವಲ್ಲ, ಕಂದಾಯದ ಮೂಲಕ.

ಇಲ್ಲಿ ಸ್ವಲ್ಪ ನಿಲ್ಲಬೇಕಾದ ಘಟನೆಯೊಂದಿದೆ. ಸಮುದಾಯದ ಪರಂಪರೆಯ ಪ್ರಕಾರ, 18ನೆಯ ಶತಮಾನದ ಆದಿಯಲ್ಲಿ ಕೆಳದಿಯ ದರ್ಬಾರಿನಲ್ಲಿ ಈ ಶಾನುಭೋಗ ಸಾರಸ್ವತರ ಬ್ರಾಹ್ಮಣ್ಯವೇ ಪ್ರಶ್ನೆಗೊಳಗಾಯಿತು: ಮೀನು ತಿನ್ನತಕ್ಕ ಈ ಜನರು ಯಾವ ಬ್ರಾಹ್ಮಣರು, ಇವರ ಗುರು ಯಾರು? ಗೋವೆಯ ಕವಳೆ ಮಠದೊಡನೆ ಇದ್ದ ಸಂಬಂಧವು ಅಷ್ಟು ಹೊತ್ತಿಗೆ ಶಿಥಿಲವಾಗಿದ್ದಿತು. ಆಗ ಹಿರಿಯರು ಗೋಕರ್ಣದಲ್ಲಿ ಮಹಾಬಲೇಶ್ವರನನ್ನು ಮೊರೆಹೊಕ್ಕರೆಂದೂ, ಉತ್ತರದಿಂದ ಬಂದ ಪರಿಜ್ಞಾನಾಶ್ರಮರೆಂಬ ಯತಿಗಳನ್ನು 1708ರಲ್ಲಿ ಗುರುಗಳನ್ನಾಗಿ ವರಿಸಿದರೆಂದೂ ಹೇಳುತ್ತಾರೆ. 1757ರಲ್ಲಿ ಭಟ್ಕಳದ ಸಮೀಪದ ಶಿರಾಲಿಯಲ್ಲಿ ಮಠವು ನೆಲೆಗೊಂಡು ಚಿತ್ರಾಪುರ ಮಠವೆಂದು ಪ್ರಸಿದ್ಧವಾಯಿತು. ಗೋವೆಯಲ್ಲಿ ಧ್ವಂಸವು ತೀವ್ರವಾದ ಕಾಲದಿಂದೆಣಿಸಿದರೆ ಸುಮಾರು ನೂರೈವತ್ತು ವರ್ಷಗಳ ತರುವಾಯ, ಪರರು ಕೇಳಿದ ಪ್ರಶ್ನೆಗೆ ಉತ್ತರವಾಗಿ, ಒಂದು ಸಮುದಾಯವು ತನ್ನ ಕೇಂದ್ರವನ್ನು ತಾನೇ ನಿರ್ಮಿಸಿಕೊಂಡಿತು. ವಲಸೆಗಾರರಿಗೆ ಸ್ವತ್ವವೆಂಬುದು ಪೂರ್ವಿಕರಿಂದ ಬಂದ ಸ್ಥಿರಾಸ್ತಿಯೆಂಬ ವಾದವನ್ನು ಇಷ್ಟು ಸ್ಪಷ್ಟವಾಗಿ ಖಂಡಿಸುವ ಇನ್ನೊಂದು ನಿದರ್ಶನವನ್ನು ನಮ್ಮ ನಾಡಿನಲ್ಲಿ ಹುಡುಕುವುದು ಕಷ್ಟ.

ಗೌಡ ಸಾರಸ್ವತರೆನಿಸಿದ ವೈಷ್ಣವ ಶಾಖೆಯವರ ದಾರಿ ಬೇರೆ. ಮಧ್ವಮತವನ್ನವಲಂಬಿಸಿದ ಇವರು ಗೋಕರ್ಣ-ಪರ್ತಗಾಳಿ ಮಠಕ್ಕೂ ಕಾಶೀಮಠಕ್ಕೂ ಶಿಷ್ಯರಾದರು. ಮಂಗಳೂರಿನ ರಥಬೀದಿ, ಕಾರ್ಕಳ ಮುಂತಾದೆಡೆಗಳಲ್ಲಿ ವೆಂಕಟರಮಣನ ದೇವಾಲಯಗಳನ್ನು ಕಟ್ಟಿ, ಆಡಳಿತವನ್ನು ಹತ್ತು ಸಮಸ್ತರೆಂಬ ಸಭೆಯ ಕೈಗೆ ಕೊಟ್ಟರು. ಕುಲದೇವರು ಗೋವೆಯ ಶಿವನೋ ಶಕ್ತಿಯೋ ಆಗಿರುವರು, ಗ್ರಾಮದೇವರು ತಿರುಪತಿಯ ತಿಮ್ಮಪ್ಪನು, ಗುರುಗಳು ದ್ವೈತಿಗಳು. ತರ್ಕಕ್ಕೆ ಹೊಂದದ ಈ ತ್ರಿವಿಧ ನಿಷ್ಠೆಯು ಆಚರಣೆಯಲ್ಲಿ ಯಾರಿಗೂ ತೊಡಕಾದಂತಿಲ್ಲ. ಇದೇ ಶಾಖೆಯ ಮತ್ತೊಂದು ಪ್ರವಾಹವು ಕೊಚ್ಚಿಯನ್ನು ಸೇರಿತು. ಡಚ್ಚರ ವಾನ್ ರೀಡನು ಸಂಕಲಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದ ಮೊದಲ ಸಂಪುಟದಲ್ಲಿ (1678) ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವೈದ್ಯರ ಪ್ರಮಾಣಪತ್ರವು ನಾಗರೀ ಲಿಪಿಯಲ್ಲಿಯೇ ಅಚ್ಚಾಗಿದೆ.

ಹೆಸರುಗಳನ್ನು ಪರಿಶೀಲಿಸಿದರೆ ಈ ಶಾಖೆಗಳ ಮನೋಧರ್ಮವು ಬಯಲಾಗುತ್ತದೆ. ಗೌಡ ಸಾರಸ್ವತರಲ್ಲಿ ಪೈ, ಕಾಮತ್, ಪ್ರಭು, ಶೆಣೈ, ನಾಯಕ್ ಎಂಬ ಗೋವೆಯ ಕಾಲದ ಉಪನಾಮಗಳೇ ಉಳಿದುವು. ಚಿತ್ರಾಪುರದವರಾದರೋ ತಾವು ನೆಲಸಿದ ಕನ್ನಡ ಕರಾವಳಿಯ ಊರುಗಳ ಹೆಸರನ್ನೇ ಕುಲನಾಮವನ್ನಾಗಿ ಮಾಡಿಕೊಂಡರು: ಕಾರ್ನಾಡ, ಗುಲ್ವಾಡಿ, ಉಳ್ಳಾಲ, ಮುಂಡ್ಕೂರು, ಬೆನಗಲ್, ಪಡುಕೋಣೆ. 19ನೆಯ ಶತಮಾನದ ಉತ್ತರಾರ್ಧದಿಂದ ಈ ಜನರು ವಿದ್ಯೆಗೂ ಉದ್ಯೋಗಕ್ಕೂ ಮುಂಬಯಿಗೆ ಹೊರಟಾಗ, ಎರಡನೆಯ ವಲಸೆಯು ಮೊದಲನೆಯದರ ಆಶ್ರಯಸ್ಥಾನವನ್ನೇ ಸ್ವದೇಶವೆಂದು ಹೊತ್ತುಕೊಂಡು ಹೋಯಿತು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಾಲಮಕಿಯವರು ಸ್ಥಾಪಿಸಿದ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು, 1911ರ ಕೆನರಾ ಸಾರಸ್ವತ ಸಂಘ, 1915ರಲ್ಲಿ ಗಾಂವದೇವಿಯಲ್ಲಿ ಆರಂಭವಾದ, ಭಾರತದ ಆದ್ಯ ಸಹಕಾರಿ ಗೃಹನಿರ್ಮಾಣ ಸಂಘಗಳಲ್ಲೊಂದಾದ ಸಾರಸ್ವತ ಸಂಘ, ಇವು ಆ ಮಹಾನಗರದಲ್ಲಿ ಅವರು ಕಟ್ಟಿದ ಸಂಸ್ಥೆಗಳು. ಅಲ್ಲಿ ಅವರನ್ನು ಕೂಡಿಸಿದ ಹೆಸರು ಗೋವೆಯದಲ್ಲ, ಕನ್ನಡ ಕರಾವಳಿಯಾದ ಕೆನರಾದ್ದು. ಗುರುದತ್ತ ಪಡುಕೋಣೆ, ಶ್ಯಾಮ್ ಬೆನಗಲ್ ಎಂಬ ಹೆಸರುಗಳನ್ನು ಹಿಂದೀ ಚಿತ್ರಗಳ ಮೂಲಕ ಬಲ್ಲವರಲ್ಲಿ ಎಷ್ಟು ಮಂದಿಗೆ ಪಡುಕೋಣೆಯು ಕುಂದಾಪುರದ ಕಡೆಯ ಒಂದು ಹಳ್ಳಿಯೆಂಬುದು ಗೊತ್ತಿದ್ದೀತು!

ಕ್ರೈಸ್ತರ ವಲಸೆಯನ್ನು ಪ್ರತ್ಯೇಕವಾಗಿಯೇ ವಿವೇಚಿಸಬೇಕು, ಏಕೆಂದರೆ ಅದು ಹಿಂದೂಗಳ ವಲಸೆಯ ಉತ್ತರಭಾಗವೆಂಬ ಸರಳ ನಿರೂಪಣೆಯು ದಾರಿ ತಪ್ಪಿಸತಕ್ಕದ್ದು. ತಮ್ಮ ಧರ್ಮದ ಪ್ರಭುಗಳೇ ಆಳುತ್ತಿದ್ದ ನಾಡನ್ನು ಬಿಟ್ಟು ಲಿಂಗಾಯತ ಅರಸರ ನಾಡಿಗೆ ಇವರೇಕೆ ಬಂದರು? ಕಾರಣಗಳು ಹಲವು: ಕ್ಷಾಮ, ಸಾಂಕ್ರಾಮಿಕ ರೋಗ, ತೆರಿಗೆ, 1683ರಲ್ಲಿ ಸಂಭಾಜಿಯ ದಂಡಯಾತ್ರೆ, 1739ರಲ್ಲಿ ಮತ್ತೆ ಮರಾಠರ ದಾಳಿ. ಇವುಗಳೊಡನೆ ಧರ್ಮವಿಚಾರಣಾ ನ್ಯಾಯಾಲಯದ ಕಣ್ಣು ಹೊಸ ಕ್ರೈಸ್ತರ ಮೇಲೆಯೇ ಹೆಚ್ಚಾಗಿ ಬಿದ್ದಿದ್ದಿತೆಂಬುದನ್ನೂ ನೆನೆಯಬೇಕು. 1684ರ ಆಜ್ಞೆಯೊಂದು ಮೂರು ವರ್ಷಗಳೊಳಗೆ ಕೊಂಕಣಿಯನ್ನು ತೊರೆದು ಪೋರ್ಚುಗೀಸನ್ನಾಡಬೇಕೆಂದು ವಿಧಿಸಿತು. 1736ರ ಶಾಸನವು ಮದುವೆಯ ವೀಳ್ಯದಿಂದ ಹಿಡಿದು ಓವಿ ಹಾಡುಗಳವರೆಗೆ ಅನೇಕ ಸಂಪ್ರದಾಯಗಳನ್ನು ನಿಷೇಧಿಸಿತು. ಕೆಳದಿಯ ಅರಸರಿಗೋ ಬೇಸಾಯಗಾರರು ಬೇಕಾಗಿದ್ದರು. ಪೋರ್ಚುಗೀಸರೊಡನೆ ಅವರು ಮಾಡಿಕೊಂಡ ಒಪ್ಪಂದಗಳಲ್ಲಿ ಚರ್ಚು ಕಟ್ಟಲು ಅನುಮತಿಯೂ ಸೇರಿತ್ತು. ಹೀಗಾಗಿ ಗೋವೆಯಲ್ಲಿ ದಂಡನಾರ್ಹವಾಗಿದ್ದ ಓವಿಯು ಇಲ್ಲಿನ ಕ್ರೈಸ್ತ ಮದುವೆಮನೆಯಲ್ಲಿ ‘ವೊವಿಯೊ’ ಆಗಿ, ವಧುವರರಿಗೆ ತೆಂಗಿನ ಹಾಲನ್ನೆರೆಯುವ ರೋಸ್ ಶಾಸ್ತ್ರದೊಡನೆ ನಿರಾತಂಕವಾಗಿ ಬಾಳಿತು. ಥಾಮಸ್ ಸ್ಟೀಫನ್ಸ್ ಪಾದ್ರಿಯು ರಚಿಸಿ 1616ರಲ್ಲಿ ಅಚ್ಚುಹಾಕಿಸಿದ ‘ಕ್ರಿಸ್ತಪುರಾಣ’ದ ಹಳೆಯ ಮುದ್ರಿತ ಪ್ರತಿಗಳು ನಾಮಾವಶೇಷವಾದರೂ, ಕೆನರಾದ ಕ್ರೈಸ್ತರ ಬಳಿ ಕೈಬರಹದ ಪ್ರತಿಗಳು ಉಳಿದಿದ್ದುವು, ಅವುಗಳ ಆಧಾರದಿಂದಲೇ 1907ರಲ್ಲಿ ಮಂಗಳೂರಿನಲ್ಲಿ ಆ ಕಾವ್ಯವು ಪುನಃ ಪ್ರಕಟವಾಯಿತು.

ಆದರೂ ಈ ಜನರು 18ನೆಯ ಶತಮಾನದ ಅಂತ್ಯದವರೆಗೂ ತಮ್ಮನ್ನು ಗೋವೆಯವರೆಂದೇ ಭಾವಿಸಿದ್ದರೆಂದು ತೋರುತ್ತದೆ. ಪಾದ್ರಿಗಳು ಅಲ್ಲಿಂದಲೇ ಬರುತ್ತಿದ್ದರು, ಧರ್ಮಾಧಿಕಾರವೂ ಅಲ್ಲಿಯದೇ. ಅವರನ್ನು ಕೆನರಾದವರನ್ನಾಗಿ ಮಾಡಿದುದು ಒಂದು ಮಹಾವಿಪತ್ತು. 1784ರಲ್ಲಿ, ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಚರ್ಚುಗಳು ನೆಲಕ್ಕುರುಳಿದುವು, ಭೂಮಿಯು ಪರರ ಪಾಲಾಯಿತು. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರವೆಂದೂ ಅರುವತ್ತು ಸಾವಿರವೆಂದೂ ಅದಕ್ಕೂ ಮಿಕ್ಕೆಂದೂ ಹೇಳುವ ಭಿನ್ನ ಮೂಲಗಳಿವೆ. ಆರೋಪದ ಸತ್ಯಾಸತ್ಯತೆಯ ವಿಷಯದಲ್ಲಿಯೂ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಮಡಿದರು. ಅನೇಕರು ಬಲಾತ್ಕಾರದಿಂದ ಮತಾಂತರಗೊಂಡರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬದುಕುಳಿದವರು ಮರಳಿದರು. ಎಲ್ಲಿಗೆ ಮರಳಿದರೆಂಬುದೇ ಇಲ್ಲಿ ಮುಖ್ಯ: ಗೋವೆಗಲ್ಲ, ಪೂರ್ವದಲ್ಲಿ ತಾವು ಉಳುತ್ತಿದ್ದ ಕೆನರಾದ ಗದ್ದೆಗಳಿಗೆ. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋನ ಕಾಲದಿಂದ ಹಲವರಿಗೆ ಭೂಮಿಯು ಹಿಂದಿರುಗಿತು, ಚರ್ಚುಗಳು ಪುನಃ ಎದ್ದುವು. ಹದಿನೈದು ವರ್ಷಗಳ ಸೆರೆಯು ಇನ್ನೂರು ವರ್ಷಗಳ ವಾಸವು ಮಾಡಲಾರದ ಕಾರ್ಯವನ್ನು ಮಾಡಿತು. ಅಂದಿನಿಂದ ಈ ಸಮುದಾಯವು ತನ್ನ ಕಥೆಯನ್ನು ಗೋವೆಯಿಂದ ಹೊರಟ ದಿನದಿಂದಲ್ಲ, ಸೆರೆಯ ದಿನದಿಂದ ಎಣಿಸತೊಡಗಿತು. 19ನೆಯ ಶತಮಾನದಲ್ಲಿ ಗೋವೆಯ ಧರ್ಮಾಧಿಕಾರದಿಂದ ಬಿಡುಗಡೆ ಬೇಕೆಂಬ ಪಕ್ಷವೂ ಬೇಡವೆಂಬ ಪಕ್ಷವೂ ಮಂಗಳೂರಿನಲ್ಲಿ ದೀರ್ಘಕಾಲ ಕಾದಾಡಿದುವು. 1853ರಲ್ಲಿ ಪ್ರತ್ಯೇಕ ವಿಕಾರಿಯತ್ತೂ 1886ರಲ್ಲಿ ಮಂಗಳೂರು ಧರ್ಮಪ್ರಾಂತವೂ ಸ್ಥಾಪಿತವಾದಾಗ ಆ ವ್ಯಾಜ್ಯವು ತೀರಿತು. ಇಷ್ಟಾದರೂ ಡಿಸೋಜ, ಪಿಂಟೊ, ಲೋಬೊ ಎಂಬ ಹೆಸರುಗಳ ಹಿಂದೆ ತಾವು ಪ್ರಭುಗಳು, ಕಾಮತರು, ಶೆಣೈಗಳೆಂಬ ಪೂರ್ವಸ್ಮೃತಿಯನ್ನು ಹಲವು ಮನೆತನಗಳು ಕಾಯ್ದುಕೊಂಡಿವೆ, ಜಾತಿಯ ಮೇಲುಕೀಳುಗಳನ್ನೂ ಕೂಡಿಯೇ.

ಮಠವೂ ಧರ್ಮಪ್ರಾಂತವೂ ಇಲ್ಲದವರ ವಿಷಯದಲ್ಲಿ ಲಿಖಿತ ಚರಿತ್ರೆಯು ಮೌನವಾಗಿದೆ. ಉಡುಪಿ, ಕುಂದಾಪುರಗಳ ಒಳನಾಡಿನ ಕುಡುಬಿಗಳು ಗೋವೆಯ ಕುಣಬಿ ಕೃಷಿಕರ ಸಂಬಂಧಿಗಳು. ಹೋಳಿಯ ದಿನಗಳಲ್ಲಿ ಅವರು ಮಣ್ಣಿನ ಗುಮಟೆಯನ್ನು ಬಡಿಯುತ್ತ ಮನೆಮನೆಗೆ ಕುಣಿದು ಬರುವಾಗ ಹಾಡುವ ಕೊಂಕಣಿ ಹಾಡುಗಳೇ ಅವರ ವಂಶಾವಳಿ, ಅವರ ಸ್ಥಳಪುರಾಣ. ಅದೇ ಗುಮಟೆಯನ್ನು ಕ್ರೈಸ್ತರೂ ಮದುವೆಯಲ್ಲಿ ಬಾರಿಸುವರು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಧರ್ಮದವರಿದ್ದು, ಅವರ ಮನೆಮಾತು ಕೊಂಕಣಿಯ ಒಂದು ರೂಪವೇ; ಆಫ್ರಿಕಾದಿಂದ ದಾಸರನ್ನಾಗಿ ತರಲಾಗಿ, ಗೋವೆಯಿಂದ ಪಲಾಯನ ಮಾಡಿದವರ ಸಂತತಿ ಅವರಲ್ಲಿ ಸೇರಿದೆ. ಭಟ್ಕಳದ ನವಾಯತರದು ಗೋವೆಯ ವಲಸೆಯಲ್ಲ, ಅರಬ್ ವ್ಯಾಪಾರದ ಸಂತತಿ. ಆದರೆ ಅವರಾಡುವ ನವಾಯತಿಯು ಕೊಂಕಣಿಯ ಬಳಗದ್ದೇ. ಕೊಂಕಣಿಗರೆಂದೊಡನೆ ಬ್ಯಾಂಕನ್ನೂ ಬೊಂಡದ ಅಂಗಡಿಯನ್ನೂ ನೆನೆಯುವವರು ಇವರನ್ನೂ ನೆನೆಯುವುದು ಉಚಿತ.

ಇನ್ನು ಭಾಷೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆ-ಕಚೇರಿಗಳಲ್ಲಿ ಕನ್ನಡ ಎಂಬ ವಿಭಾಗವು ಮಂಗಳೂರಿನ ಸೀಮೆಯಲ್ಲಿ ಎಷ್ಟು ಸಹಜವಾಗಿ ನೆಲೆಗೊಂಡಿತೆಂದರೆ ಒಂದನ್ನೊಂದು ಹೊಡೆದೋಡಿಸುವ ಪ್ರಸಂಗವೇ ಬರಲಿಲ್ಲ. ಮಾತು ಉಳಿಯಿತು, ಅದರ ಒಡಲು ಮಾತ್ರ ಬದಲಾಯಿತು: ಇಲ್ಲಿನ ಸಾರಸ್ವತರ ಕೊಂಕಣಿಯು ಆರ್ಯಭಾಷೆಗಳಿಗೆ ಸಹಜವಾದ ಸಂಬಂಧವಾಚಕ ಸರ್ವನಾಮದ ಬದಲು ಕನ್ನಡದ ಮಾದರಿಯ ವಾಕ್ಯರಚನೆಗೆ ಹೊರಳಿದೆಯೆಂದು ಭಾಷಾಶಾಸ್ತ್ರಜ್ಞ ಎಂ. ವಿ. ನಾಡಕರ್ಣಿಯವರು 1975ರಲ್ಲಿ ತೋರಿಸಿಕೊಟ್ಟರು. ಕನ್ನಡಕ್ಕೆ ಈ ಮನೆಗಳಿಂದ ಸಂದ ಕಾಣಿಕೆಯಂತೂ ಅಸಾಧಾರಣವಾದುದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಗಣಿಸಲ್ಪಡುವ ‘ಇಂದಿರಾಬಾಯಿ’ಯನ್ನು 1899ರಲ್ಲಿ ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರು, 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಪಂಜೆ ಮಂಗೇಶರಾಯರು, 1951ರ ಮುಂಬಯಿ ಸಮ್ಮೇಳನದ ಅಧ್ಯಕ್ಷರಾದ ಮಂಜೇಶ್ವರದ ಗೋವಿಂದ ಪೈಗಳು, ತರುವಾಯದ ಯಶವಂತ ಚಿತ್ತಾಲ, ಗಿರೀಶ ಕಾರ್ನಾಡರು, ಇವರೆಲ್ಲರ ತಾಯ್ನುಡಿ ಕೊಂಕಣಿ. ಇವರು ಮಾತೃಭಾಷೆಯನ್ನು ತೊರೆದು ಕನ್ನಡಕ್ಕೆ ಬಂದವರಲ್ಲ; ತಲೆಮಾರುಗಳಿಂದ ಅಕ್ಷರವೆಂದರೆ ಕನ್ನಡವೇ ಆಗಿದ್ದ ಮನೆಗಳಲ್ಲಿ ಹುಟ್ಟಿದವರು. ಗೋವಿಂದ ಪೈಗಳ ಬಾಳಿನಲ್ಲಿ ವಿಧಿಯ ವಿಡಂಬನೆಯೊಂದನ್ನೂ ಕಾಣಬಹುದು. ಮಂಜೇಶ್ವರದ ಆ ಹಿರಿಯರು ಎಲ್ಲಿಗೂ ಹೋಗಲಿಲ್ಲ; 1956ರಲ್ಲಿ ಗಡಿಯೇ ಸರಿದು ಅವರ ಮನೆಯು ಕೇರಳದ ಪಾಲಾಯಿತು. ಕಾಸರಗೋಡು ಕನ್ನಡನಾಡನ್ನು ಸೇರಬೇಕೆಂದು ಹಂಬಲಿಸುತ್ತಲೇ ಅವರು 1963ರಲ್ಲಿ ತೀರಿಕೊಂಡರು. ಗೋವೆಯಿಂದ ಹೊರಟ ಸಾರಸ್ವತರ ಮಹಾಪ್ರಯಾಣವನ್ನು ಕುರಿತ ಬೃಹತ್ಕಾದಂಬರಿ, ಗೋಪಾಲಕೃಷ್ಣ ಪೈಗಳ ‘ಸ್ವಪ್ನ ಸಾರಸ್ವತ’ವು (2009), ರಚಿತವಾದುದೂ ಕನ್ನಡದಲ್ಲಿಯೇ.

ಕೊಂಕಣಿಯ ಸ್ವತಂತ್ರ ಸ್ಥಾನಕ್ಕಾಗಿ ನಡೆದ ಚಳವಳಿಯಲ್ಲಿ ಹೊರನಾಡಿನವರು ಗೋವೆಯವರಿಗಿಂತ ಮುಂಚಿತವಾಗಿಯೇ ಎಚ್ಚೆತ್ತರೆಂಬುದು ಗಮನಾರ್ಹ. 1912ರಲ್ಲಿ ಮಂಗಳೂರಿನಿಂದ ‘ಕೊಂಕ್ಣಿ ದಿರ್ವೆಂ’ ಪತ್ರಿಕೆಯೂ 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆಯೂ ಕನ್ನಡ ಲಿಪಿಯಲ್ಲಿ ಹೊರಟುವು. ಪ್ರಥಮ ಅಖಿಲ ಭಾರತ ಕೊಂಕಣಿ ಪರಿಷತ್ತು 1939ರಲ್ಲಿ ಸೇರಿದುದು ಕಾರವಾರದಲ್ಲಿ. ಕೊಂಕಣಿಯು ಮರಾಠಿಯ ಉಪಭಾಷೆಯೆಂಬ ವಾದವು ಬಲವಾಗಿದ್ದ ಕಾಲವದು. 1967ರ ಜನಮತಗಣನೆಯಲ್ಲಿ ಗೋವೆಯು ಮಹಾರಾಷ್ಟ್ರದೊಡನೆ ವಿಲೀನವಾಗಲು ನಿರಾಕರಿಸಿತು; 1975ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ, 1987ರಲ್ಲಿ ಗೋವೆಯ ರಾಜ್ಯಭಾಷೆಯ ಸ್ಥಾನ, 1992ರಲ್ಲಿ ಸಂ‌ವಿಧಾನದ ಎಂಟನೆಯ ಅನುಸೂಚಿಯಲ್ಲಿ ಪ್ರವೇಶ, 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಕ್ರಮವಾಗಿ ಬಂದುವು. ಮನ್ನಣೆಯು ದೊರೆತೊಡನೆ ಲಿಪಿಯ ಕಲಹವು ತಲೆಯೆತ್ತಿತು. ಗೋವೆಯ ಕಾನೂನು ದೇವನಾಗರಿಯನ್ನು ಮಾತ್ರ ಅಂಗೀಕರಿಸಿತು. ಗೋವೆಯ ಕ್ರೈಸ್ತರಿಗೆ ರೋಮನ್ ಲಿಪಿ, ಕೇರಳದವರಲ್ಲಿ ಹಲವರಿಗೆ ಮಲಯಾಳ ಲಿಪಿ, ಕರ್ನಾಟಕದವರಿಗೆ ಕನ್ನಡ ಲಿಪಿ ರೂಢಿಯಾಗಿದ್ದಿತು. ಏಕಲಿಪಿಯಿಂದ ಏಕಜನತೆಯು ಸಿದ್ಧಿಸುವುದೆಂಬ ಆಶೆಯು ಸಾಧುವಾದುದೇ ಆದರೂ, ಮುನ್ನೂರು ವರ್ಷ ಕನ್ನಡದಲ್ಲಿ ಅಕ್ಷರ ತಿದ್ದಿದವರಿಗೆ ನಿಮ್ಮ ಬರಹವು ಅಸಲಾದುದಲ್ಲವೆಂದು ಹೇಳುವುದು ಅವರ ವಲಸೆಯ ಚರಿತ್ರೆಯನ್ನೇ ಅಳಿಸಿದಂತೆಂಬ ಆಕ್ಷೇಪಣೆಯು ನಮಗೆ ನ್ಯಾಯವಾಗಿ ಕಾಣುತ್ತದೆ. ಕರ್ನಾಟಕದ ಶಾಲೆಗಳಲ್ಲಿ ಕೊಂಕಣಿಯನ್ನು ತೃತೀಯ ಭಾಷೆಯಾಗಿ ಕಲಿಯುವವರಿಗೆ ಕನ್ನಡ, ದೇವನಾಗರಿ ಎರಡು ಲಿಪಿಗಳಿಗೂ ಅವಕಾಶವಿತ್ತುದು ಸಮಂಜಸವಾದ ನಿರ್ಣಯ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಲ್ಲಿ ರಾಷ್ಟ್ರಗಳ ಕಡೆಗೆ ಹೊಸದೊಂದು ಪ್ರವಾಹವು ಹರಿಯಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಕುಟುಂಬವೆಲ್ಲ ಕೂಡಿ ಉಣ್ಣುವ ಮಂಗಳೂರಿನ ಕ್ರೈಸ್ತರ ಸಂಪ್ರದಾಯವು ಇಂದು ಭತ್ತವೇ ಬೆಳೆಯದ ಆ ನಾಡುಗಳಲ್ಲಿಯೂ ನಡೆಯುತ್ತಿದೆ. ಅಲ್ಲಿ ಕೂಡುವವರು ತಮ್ಮ ಊರೆಂದು ಹೇಳುವುದು ಮಂಗಳೂರನ್ನು, ಉಡುಪಿಯನ್ನು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕೊಂಕಣಿಯನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 22.5 ಲಕ್ಷ, ಅವರಲ್ಲಿ ಗೋವೆಯಲ್ಲಿ ವಾಸಿಸುವವರು ಸುಮಾರು 9.6 ಲಕ್ಷ, ಕರ್ನಾಟಕದಲ್ಲಿ ಸುಮಾರು 7.9 ಲಕ್ಷ, ಉಳಿದವರು ಬಹುಪಾಲು ಮಹಾರಾಷ್ಟ್ರ, ಕೇರಳಗಳಲ್ಲಿ.